ಹಕಾರದ ಹಿಂಡು

ಬೆಳಗಾವಿಯ ಕ್ಯಾಂಪ್ ಭಾಗದ ಕನ್ನಡ ಶಾಲೆಯೊಂದರಲ್ಲಿ, ಐದನೆಯ ಇಯತ್ತೆಯ ಕೋಣೆಯ ಗೋಡೆಗೆ ಒಂದು ವರ್ಣಮಾಲೆಯ ಪಟವನ್ನು ತೂಗುಹಾಕಲಾಗಿತ್ತು. ದಾನಿಗಳೊಬ್ಬರು ತಮ್ಮ ತೀರ್ಥರೂಪರ ಸ್ಮರಣಾರ್ಥವಾಗಿ ಕೊಡಿಸಿದ ಪಟವದು. ಕಾಗದವು ದಪ್ಪನಾದುದು, ಬಣ್ಣಗಳು ಕಣ್ಣಿಗೆ ತುಂಬುವಂಥವು. ಅಕಾರಕ್ಕೆ ಅಳಿಲು, ಆಕಾರಕ್ಕೆ ಆನೆ, ಇಕಾರಕ್ಕೆ ಇಲಿ, ಉಕಾರಕ್ಕೆ ಉಡ, ಒಕಾರಕ್ಕೆ ಒಂಟೆ, ಹೀಗೆ ಅಕ್ಷರಕ್ಕೊಂದು ಪ್ರಾಣಿಯನ್ನು ಕೂಡಿಸುವ ಹಟವನ್ನು ಪಟದ ಕರ್ತೃ ತೊಟ್ಟಿದ್ದನೆಂದು ತೋರುತ್ತದೆ. ಈಕಾರದಲ್ಲಿ ಅವನ ಹಟ ಸೋತು ಈರುಳ್ಳಿಯೊಂದು ಪ್ರಾಣಿಗಳ ನಡುವೆ ಬಂದು ಕುಳಿತಿತ್ತು. ಙಕಾರ ಞಕಾರಗಳ ಮನೆಗಳು ಎಲ್ಲ ಪಟಗಳಲ್ಲಿಯಂತೆ ಇಲ್ಲಿಯೂ ಬರಿದಾಗಿದ್ದವು. ಹಕಾರದ ಮನೆಯಲ್ಲಿ ನೀಲಿಯ ನೀರಿನ ಮೇಲೆ ಕೊರಳು ಬಾಗಿಸಿದ ಬೆಳ್ಳನೆಯ ಹಂಸವೊಂದು ತೇಲುತ್ತಿತ್ತು.

ಆ ಕೋಣೆಯ ನಲವತ್ತು ಮಕ್ಕಳಲ್ಲಿ ಹಂಸವನ್ನು ಕಂಡವರು ಯಾರೂ ಇರಲಿಲ್ಲ. ಕಲಿಸುವ ಕನ್ನಡ ಪಂಡಿತರೂ ಕಂಡಿರಲಿಲ್ಲ. ಕಾವ್ಯಗಳಲ್ಲಿ ಅದರ ನಡಿಗೆಯನ್ನೂ, ಹಾಲನ್ನು ನೀರಿನಿಂದ ಬೇರ್ಪಡಿಸುವ ಅದರ ಚಾತುರ್ಯವನ್ನೂ ನೂರಾರು ಸಲ ಓದಿದ್ದರು, ವಿದ್ಯಾರ್ಥಿಗಳಿಗೆ ವಿವರಿಸಿದ್ದರು. ಅಷ್ಟರಲ್ಲಿಯೇ ತೃಪ್ತರಾಗಿದ್ದರು. ಹಕಾರದ ಆ ಚಿಕ್ಕ ಮನೆಯಲ್ಲಿ ತಮ್ಮ ನಲವತ್ತು ವರ್ಷಗಳ ವ್ಯಾಸಂಗವೆಲ್ಲ ಪರೀಕ್ಷೆಗೆ ಒಳಗಾಗುವುದೆಂದು ಅವರು ಎಣಿಸಿರಲಿಲ್ಲ.

ಕ್ಯಾಂಪ್ ಎಂದರೇನೆಂಬುದನ್ನು ಹೊರಗಿನ ವಾಚಕರಿಗಾಗಿ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದ ಬಳಿಕ ಕೋಟೆಯ ಪಡುವಣಕ್ಕೆ ಬೆಳೆದ ದಂಡಿನ ಪ್ರದೇಶವಿದು. ಸಾಲುಮರಗಳ ನೇರವಾದ ರಸ್ತೆಗಳು, ಹಳೆಯ ಬಂಗಲೆಗಳು, ಇಗರ್ಜಿಗಳು, ಮರಾಠಾ ಲಘು ಪದಾತಿದಳದ ಕೇಂದ್ರ, ಅದರ ಆಚೆಗೆ ವಿಶಾಲವಾದ ಮೈದಾನಗಳು. ದಂಡು ಎಲ್ಲಿಯೋ ಅಲ್ಲಿ ಹತ್ತು ನುಡಿಗಳು. ಹಾಲು ಹಾಕುವವನ ಮರಾಠಿ, ಮಾಂಸದಂಗಡಿಯ ಉರ್ದು, ಬೇಕರಿಯ ಕೊಂಕಣಿ, ಸಿಪಾಯಿಗಳ ಹಿಂದಿ, ಎಂದೋ ಪಲ್ಟಣಿನ ಜೊತೆಗೆ ಬಂದು ನಿಂತ ಕುಟುಂಬಗಳ ತಮಿಳು ತೆಲುಗುಗಳು, ಇವೆಲ್ಲವುಗಳ ನಡುವೆ ಕನ್ನಡ. ಇಲ್ಲಿಯ ಮಗು ಮನೆಯಿಂದ ಶಾಲೆಗೆ ಬರುವ ಅರ್ಧ ಮೈಲಿಯಲ್ಲಿ ನಾಲ್ಕು ಭಾಷೆಗಳನ್ನು ಕೇಳಿಕೊಂಡೇ ಬರುತ್ತದೆ.

2022ರ ಆಗಸ್ಟ್ ತಿಂಗಳಿನಲ್ಲಿ ಊರಿನ ಜನವಸತಿಯೊಳಗೆ ಚಿರತೆಯೊಂದು ಕಾಣಿಸಿಕೊಂಡು, ಅನಂತರ ಕ್ಯಾಂಪಿಗೆ ಹೊಂದಿದ ಗಾಲ್ಫ್ ಮೈದಾನದ ಪೊದೆಗಳಲ್ಲಿ ಅಡಗಿದುದು ಅನೇಕರಿಗೆ ನೆನಪಿರಬಹುದು. ಸುತ್ತಣ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಡಬೇಕಾಯಿತು. ಬೋನುಗಳನ್ನು ಇಟ್ಟರು, ಕ್ಯಾಮರಾಗಳನ್ನು ಕಟ್ಟಿದರು. ಕಡೆಗೆ ಶಿವಮೊಗ್ಗೆಯ ಬಳಿಯ ಸಕ್ರೆಬೈಲಿನ ಬಿಡಾರದಿಂದ ಎರಡು ಆನೆಗಳನ್ನು ಕರೆತಂದು ಪೊದೆಗಳನ್ನು ಶೋಧಿಸಿದರು. ಒಂದು ಕ್ಯಾಂಪಿನ ಆನೆಗಳು ಇನ್ನೊಂದು ಕ್ಯಾಂಪಿಗೆ ಬಂದವೆಂದು ಊರಿನವರು ನಕ್ಕರು. ಚಿರತೆ ಮಾತ್ರ ಯಾರ ಕೈಗೂ ಸಿಗಲಿಲ್ಲ. ಆದರೆ ಬೆಳಗಾವಿಯ ಮಕ್ಕಳಿಗೆ ಆ ತಿಂಗಳ ನಿಜವಾದ ಸಂಭ್ರಮ ಚಿರತೆಯದಲ್ಲ, ಆನೆಗಳದು.

ಶಾಲೆ ಮತ್ತೆ ತೆರೆದ ವಾರ ಪಂಡಿತರು ಐದನೆಯ ಇಯತ್ತೆಗೆ ಒಂದು ಮನೆಗೆಲಸ ಕೊಟ್ಟರು. ಆ ವರ್ಗದಲ್ಲಿ ಮರಾಠಿ ಶಾಲೆಯಿಂದ ಬಂದು ಕನ್ನಡವನ್ನು ಹೊಸದಾಗಿ ಕಲಿಯುತ್ತಿದ್ದ ಏಳೆಂಟು ಮಕ್ಕಳಿದ್ದುದರಿಂದ ಅಕ್ಷರಗಳನ್ನು ಮೊದಲಿನಿಂದ ತಿದ್ದಿಸುವ ಪದ್ಧತಿಯಿತ್ತು. ಆ ದಿನದ ಅಕ್ಷರ ಹಕಾರ. ಹಕಾರದಿಂದ ಆರಂಭವಾಗುವ ಪ್ರಾಣಿಯೊಂದರ ಹೆಸರನ್ನು ಬರೆದು ಚಿತ್ರವನ್ನು ತೆಗೆದುಕೊಂಡು ಬರಬೇಕೆಂದು ಹೇಳಿದರು.

ಮರುದಿನ ಬಂದ ಪಟ್ಟಿಗಳಲ್ಲಿ ಹೆಚ್ಚಿನವು ಗೋಡೆಯ ಹಂಸದ ನಕಲುಗಳೇ ಆಗಿದ್ದವು. ಕೆಲವರು ಹಾವನ್ನು ಬರೆದಿದ್ದರು. ಹಾವು ಚಿತ್ರಕ್ಕೆ ಸುಲಭ, ಒಂದು ಗೆರೆಯಲ್ಲಿ ಮುಗಿಯುತ್ತದೆ. ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬಂದು ವಸತಿಗೃಹದಲ್ಲಿದ್ದ ಹುಡುಗನೊಬ್ಬನು 'ಹುಲಿ' ಎಂದು ಬರೆದು, ಕೆಳಗೆ ಹುಲಿಯ ಬದಲು ಒಂದು ದೊಡ್ಡ ಬೊಟ್ಟು, ಅದರ ಮುಂದೆ ನಾಲ್ಕು ಚಿಕ್ಕ ಬೊಟ್ಟುಗಳನ್ನು ಇಟ್ಟಿದ್ದನು. ಇದೇನೆಂದು ಕೇಳಲಾಗಿ, "ಹುಲೀನ ಕಂಡಿಲ್ಲರಿ ಸರ, ಹೆಜ್ಜಿ ಕಂಡೀನಿ" ಎಂದನು. ಪಂಡಿತರು ನಕ್ಕು 'ಸರಿ' ಹಾಕಿದರು.

ಅದರ ಮುಂದಿನ ಪಟ್ಟಿ ಒಬ್ಬ ಹುಡುಗಿಯದು. ಅವಳ ತಂದೆ ದಂಡಿನ ಬಂಗಲೆಯೊಂದರ ತೋಟದ ಕೆಲಸದವನು, ಮನೆಮಾತು ಮರಾಠಿ. ಹಾಳೆಯ ತುಂಬ ಒಂದು ಆನೆ. ಸೊಂಡಿಲು, ದಂತ, ಬೆನ್ನ ಮೇಲೆ ಕುಳಿತ ಮಾವುತ, ಹಿಂದೆ ಗಾಲ್ಫ್ ಮೈದಾನದ ತಂತಿಬೇಲಿ ಎಲ್ಲವೂ ಅದರಲ್ಲಿದ್ದವು. ಕಣ್ಣಾರೆ ಕಂಡು ಬರೆದ ಚಿತ್ರವೆಂಬುದು ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿತ್ತು. ಮೇಲೆ ದುಂಡನೆಯ ಅಕ್ಷರಗಳಲ್ಲಿ 'ಹತ್ತಿ' ಎಂದು ಬರೆದಿದ್ದಳು.

ವರ್ಗದಲ್ಲಿ ಯಾರೋ "ಹತ್ತಿಗೆ ಸೊಂಡಿ ಇರ್ತದೇನ!" ಎಂದು ಕೂಗಿದರು. ನಲವತ್ತು ಮಕ್ಕಳೂ ನಕ್ಕರು. ಪಂಡಿತರು ಕೆಂಪು ಶಾಯಿಯಿಂದ ಹಾಳೆಯ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದು, "ಇದು ಕನ್ನಡದ ವರ್ಗ, ತಂಗಿ" ಎಂದು ಪಟ್ಟಿಯನ್ನು ಹಿಂದಿರುಗಿಸಿದರು.

ಮರಾಠಿಯಲ್ಲಿ ಆನೆಗೆ 'ಹತ್ತಿ' ಎನ್ನುತ್ತಾರೆಂಬುದು ಅವರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಬೆಳಗಾವಿಯಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಅಷ್ಟು ತಿಳಿಯದಿರುವುದು ಸಾಧ್ಯವೇ? ತಿಳಿದೇ ಗೆರೆ ಎಳೆದರು. ಕನ್ನಡದ ಅಕ್ಷರಕ್ಕೆ ಕನ್ನಡದ ಪ್ರಾಣಿ, ಇದು ಅವರ ನಿಯಮ. ಗಡಿಯ ಊರಿನಲ್ಲಿ ಇಂಥ ನಿಯಮಗಳಿಗೆ ತಮ್ಮದೇ ಆದ ಬಿಗಿ ಇರುತ್ತದೆ. ಅದನ್ನು ಬಯಲುಸೀಮೆಯ ನಡುವೆ ನಿಶ್ಚಿಂತೆಯಿಂದ ಇರುವವರು ಬೇಗನೆ ಅರಿಯಲಾರರು.

ಹುಡುಗಿ ಅಳಲಿಲ್ಲ. ಆದರೆ ಅಂದಿನಿಂದ ಕನ್ನಡದ ತಾಸಿನಲ್ಲಿ ಬಾಯಿ ತೆರೆಯುವುದನ್ನು ನಿಲ್ಲಿಸಿದಳು. ಹೆಸರು ಕರೆದರೆ ಎದ್ದು ನಿಲ್ಲುವಳು. ಓದು ಎಂದರೆ ಪುಸ್ತಕವನ್ನು ನೋಡುತ್ತ ನಿಲ್ಲುವಳು. ಒಂದು ವಾರ ಕಳೆಯಿತು, ಎರಡು ವಾರ ಕಳೆದವು. ಗಣಿತದ ಶಿಕ್ಷಕಿ, "ನನ್ನ ತಾಸಿನಾಗ ಎಲ್ಲಾರಿಗಿಂತ ಮೊದಲ ಕೈ ಎತ್ತತಾಳರಿ" ಎಂದಾಗ ಪಂಡಿತರಿಗೆ ಆ ಕೆಂಪು ಗೆರೆ ತಮ್ಮ ಎದೆಯ ಮೇಲೆಯೇ ಎಳೆದಂತಾಯಿತು.

ಅಂದು ರಾತ್ರಿ ಅವರು ತಮ್ಮ ನಿಯಮವನ್ನು ಹಕಾರಕ್ಕೆ ಹಚ್ಚಿ ನೋಡಿದರು. ಕನ್ನಡದ ಅಕ್ಷರಕ್ಕೆ ಕನ್ನಡದ ಪ್ರಾಣಿ. ಒಳ್ಳೆಯದು. ಹಾಗಾದರೆ ಗೋಡೆಯ ಮೇಲಿನ ಹಂಸ ಯಾರದು? ಅದು ಸಂಸ್ಕೃತದ್ದು. ಹರಿಣ, ಹಯ, ಹಸ್ತಿ ಇವೂ ಸಂಸ್ಕೃತದವೇ. ಹತ್ತನೆಯ ಶತಮಾನದಲ್ಲಿ ಪಂಪನ ಕಾಲದ ಒಬ್ಬ ಓಜನು ಇಂಥದೊಂದು ಪಟವನ್ನು ಬರೆಸಲು ಹೊರಟಿದ್ದರೆ, ಹಕಾರದ ಮನೆಗೆ ಅಚ್ಚಗನ್ನಡದ ಒಂದು ಪ್ರಾಣಿಯೂ ಅವನಿಗೆ ದೊರೆಯುತ್ತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಹಳಗನ್ನಡದಲ್ಲಿ ಹುಲಿಯು ಪುಲಿ, ಹಾವು ಪಾವು, ಹಂದಿ ಪಂದಿ, ಹಲ್ಲಿ ಪಲ್ಲಿ, ಹದ್ದು ಪರ್ದು, ಹುಳು ಪುೞು, ಹುಲ್ಲೆ ಪುಲ್ಲೆ, ತಲೆಯಲ್ಲಿ ಹರಿದಾಡುವ ಹೇನು ಪೇನ್. ಎಲ್ಲವೂ ಪಕಾರದ ಮನೆಯಲ್ಲಿದ್ದವು. ಹಿಂಡು ಎಂಬ ಮಾತು ಕೂಡ ಆಗ ಪಿಂಡು.

ದ್ರಾವಿಡ ನುಡಿಗಳ ಮೂಲದಲ್ಲಿ ಹಕಾರವೇ ಇರಲಿಲ್ಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅದು ಸಂಸ್ಕೃತ ಪ್ರಾಕೃತಗಳ ಶಬ್ದಗಳೊಂದಿಗೆ ಅತಿಥಿಯಾಗಿ ಬಂದ ವರ್ಣ. ಆಮೇಲೆ ನಮ್ಮ ನಾಲಗೆಯಲ್ಲಿಯೇ ಒಂದು ಸೋಜಿಗ ನಡೆಯಿತು. ತುಟಿಗಳು ಕೂಡಿ ನುಡಿಯುತ್ತಿದ್ದ ಪಕಾರವು ಮೆಲ್ಲಮೆಲ್ಲನೆ ಸಡಿಲಗೊಂಡು, ಬರಿಯ ಉಸಿರಾಗಿ, ಹಕಾರವಾಯಿತು. ಹನ್ನೆರಡನೆಯ ಶತಮಾನದ ಶರಣರ ನುಡಿಯಲ್ಲಿ ಈ ಹಕಾರ ಮನೆಮಾತಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸುವ ಹೊತ್ತಿಗೆ ವೈಯಾಕರಣನು ಇದನ್ನು ಗಮನಿಸದೆ ಮುಂದೆ ಹೋಗುವಂತಿರಲಿಲ್ಲ. ತಮಿಳರಿಗೂ ತೆಲುಗರಿಗೂ ಇಂದಿಗೂ ಅದು ಪುಲಿಯೇ, ತುಳುವರಿಗೆ ಪಿಲಿ. ಕನ್ನಡಿಗರು ಮಾತ್ರ ಹುಲಿ ಎಂದೆವು. ಪಕಾರದ ಹಟ್ಟಿಯ ದನಕರು, ಕಾಡುಮೃಗ, ಕ್ರಿಮಿಕೀಟ, ಎಲ್ಲವೂ ಎರಡು ಮೂರು ಶತಮಾನಗಳಲ್ಲಿ ಹಕಾರದ ಹಟ್ಟಿಗೆ ನಡೆದು ಬಂದವು. ಆಗ ಅಲ್ಲಿ ಮೊದಲೇ ಕುಳಿತಿದ್ದುದು ಹಂಸ. ಅತಿಥಿಯೇ ಮನೆಯೊಡೆಯನಾಗಿ, ಮನೆಯವರು ಹೊಸಬರಾಗಿ ಬಂದ ಪ್ರಸಂಗವಿದು!

ಹೀಗೆ ನಡೆದು ಬಂದುದಕ್ಕೆ ಹೆಜ್ಜೆಯ ಗುರುತುಗಳು ಇಂದಿಗೂ ಉಳಿದಿವೆ. ದೊಡ್ಡ ಹುಲಿಗೆ ಹೆಬ್ಬುಲಿ ಎನ್ನುತ್ತೇವೆ, ದೊಡ್ಡ ಹಾವಿಗೆ ಹೆಬ್ಬಾವು. ಈ ಶಬ್ದಗಳ ನಡುವೆ ಬಕಾರವೆಲ್ಲಿಂದ ಬಂದಿತು? ಹುಲಿಯು ಮೊದಲಿನಿಂದಲೂ ಹುಲಿಯೇ ಆಗಿದ್ದರೆ ಬರಲು ಕಾರಣವಿರಲಿಲ್ಲ. ಪೆರ್ ಎಂಬುದರ ಮುಂದೆ ಪುಲಿ ಬಂದಾಗ, ಕತಪಗಳಿಗೆ ಗದಬಗಳು ಬರುವ ಆದೇಶಸಂಧಿಯ ಕ್ರಮದಿಂದ, ಪೆರ್ಬುಲಿಯಾಯಿತು. ಪಾವು ಬಂದಾಗ ಪೆರ್ಬಾವು. ಮುಂದೆ ಶಬ್ದದ ಆದಿಯ ಪಕಾರ ಹಕಾರವಾಯಿತು. ನಡುವಿನದು ಬಕಾರವಾಗಿ ಅಡಗಿದ್ದರಿಂದ ಈ ಬದಲಾವಣೆಗೆ ಸಿಕ್ಕದೆ ಉಳಿಯಿತು. ಹುಲಿಯನ್ನು ಕಾಣದೆ ಹೆಜ್ಜೆಯನ್ನು ಕಂಡ ಖಾನಾಪುರದ ಹುಡುಗನಂತೆ, ವೈಯಾಕರಣರು ಹೆಬ್ಬುಲಿಯ ಬಕಾರದಲ್ಲಿ ಪುಲಿಯ ಹೆಜ್ಜೆಯನ್ನು ಕಾಣುತ್ತಾರೆ. (ಎಲ್ಲ ಬಕಾರಗಳೂ ಇಂಥವಲ್ಲವೆಂಬ ಎಚ್ಚರಿಕೆ ಬೇಕು. ಹೆಬ್ಬಾತು ಎಂಬಲ್ಲಿ ಬಾತು ಮೊದಲಿನಿಂದಲೂ ಬಾತುವೇ. ಹಾಗೆಯೇ ಕ್ಯಾಂಪಿನ ಇಂಗ್ಲಿಷ್ ಶಾಲೆಯ ಮಗು ಕುದುರೆಗೆ ಹಾರ್ಸ್ ಎನ್ನುವುದಕ್ಕೂ ಸಂಸ್ಕೃತದ ಹಯಕ್ಕೂ ನಂಟಿಲ್ಲ. ಸದ್ದು ಕೂಡಿದ ಮಾತ್ರಕ್ಕೆ ಸಂಬಂಧ ಕೂಡುವುದಿಲ್ಲ.)

ಇನ್ನು ಹಸು. ಪಠ್ಯಪುಸ್ತಕಗಳೆಲ್ಲ ಹಸು ಎನ್ನುತ್ತವೆ. ಪಶು ಎಂಬುದು ಪಸುವಾಗಿ ಹಸುವಾದುದು. ಆದರೆ ಬೆಳಗಾವಿ ಸೀಮೆಯ ಯಾವ ಮನೆಯಲ್ಲಿ ಹಸು ಎನ್ನುತ್ತಾರೆ? ಇಲ್ಲಿ ಅದು ಆಕಳು. ಹೈನು ಆಕಳಿನದು, ಪೂಜೆ ಆಕಳಿಗೆ, ಗೋದಲಿಯಲ್ಲಿ ಕಟ್ಟುವುದು ಆಕಳನ್ನು. ಹುಲ್ಲೆಯೂ ಹಾಗೆಯೇ ಪುಸ್ತಕದ್ದು. ಬಯಲಿನಲ್ಲಿ ನೆಗೆಯುವುದನ್ನು ಕಂಡ ರೈತನು ಚಿಗರಿ ಎನ್ನುತ್ತಾನೆ. ಕನ್ನಡದ ಮನೆಯ ಮಗು ಹಸುವಿನ ಚಿತ್ರದ ಕೆಳಗೆ ಆಕಳು ಎಂದು ಬರೆದರೆ ಪಂಡಿತರು ಎಂದಾದರೂ ಕೆಂಪು ಗೆರೆ ಎಳೆದಿದ್ದರೇ? ಇಲ್ಲ. 'ಪ್ರಾಂತೀಯ ರೂಪ' ಎಂದು ಮೆಚ್ಚಿಕೊಂಡಿದ್ದರು.

ನವರಾತ್ರಿಯ ರಜೆಯಲ್ಲಿ ಅವರು ನಂದಗಡದ ಸಂಬಂಧಿಕರ ಮನೆಗೆ ಹೋದವರು ಅಲ್ಲಿಂದ ಹಲಸಿಗೆ ಹೋದರು. ಖಾನಾಪುರ ತಾಲ್ಲೂಕಿನ ಈ ಹಲಸಿ ಒಂದು ಕಾಲಕ್ಕೆ ಕದಂಬರ ಎರಡನೆಯ ರಾಜಧಾನಿಯ ಗೌರವವನ್ನು ಪಡೆದಿದ್ದ ಊರು. ಕದಂಬರ ತಾಮ್ರಪಟಗಳಲ್ಲಿ ಇದರ ಹೆಸರು ಪಲಾಶಿಕಾ. ಪಲಾಶವೆಂದರೆ ಮುತ್ತುಗದ ಮರ. ಈಗ ಊರಿನವರನ್ನು ಕೇಳಿದರೆ ಹಲಸಿನ ಮರವನ್ನು ತೋರಿಸುತ್ತಾರೆ. ಅದೂ ಪಲಸು ಆಗಿದ್ದುದೇ. ಮರ ಯಾವುದಾದರೂ ಇರಲಿ, ಪಲಾಶಿಕೆಯ ಪಕಾರ ಹಕಾರವಾಗಿ ಹಲಸಿಯಾದುದು ಕಣ್ಣ ಮುಂದಿನ ಸಂಗತಿ. ಸವದತ್ತಿ ತಾಲ್ಲೂಕಿನ ಹೂಲಿ ಶಾಸನಗಳಲ್ಲಿ ಪೂಲಿ. ಮನುಷ್ಯರು ವಾಸಿಸುವ ಊರುಗಳೇ ಪಕಾರವನ್ನು ಬಿಟ್ಟು ಹಕಾರಕ್ಕೆ ಬಂದಿರುವಾಗ ಕಾಡಿನ ಮೃಗಗಳು ಬಂದುದೇನು ಹೆಚ್ಚು?

ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಎದುರುಬದುರಾಗಿ ಎರಡು ಗರ್ಭಗೃಹಗಳಿವೆ. ಒಂದರಲ್ಲಿ ಭೂದೇವಿಯನ್ನು ಎತ್ತಿಹಿಡಿದ ವರಾಹಮೂರ್ತಿ. ದೇವಾಲಯದಿಂದ ಹೊರಗೆ ಬಂದರೆ ಸುತ್ತಲೂ ಭತ್ತದ ಗದ್ದೆಗಳು. ತೆನೆ ಹಾಲುಗಟ್ಟುವ ಕಾಲ. ಗದ್ದೆಯ ನಡುವೆ ಅಟ್ಟ ಕಟ್ಟಿ, ಹಳೆಯ ತಗಡೊಂದನ್ನು ಇಳಿಬಿಟ್ಟಿದ್ದರು. ಕಾಡುಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಉತ್ತಂತೆ ಮಾಡಿ ಹೋಗುತ್ತದೆಯೆಂದು ಅಲ್ಲಿಯ ವೃದ್ಧರೊಬ್ಬರು ಹೇಳಿದರು. "ಗುಡಿಯೊಳಗ ಕೈ ಮುಗೀತೀವ್ರಿ, ಗದ್ಯಾಗ ತಗಡ ಬಡೀತೀವಿ." ವರಾಹವೆಂದರೂ ಅದೇ, ಹಂದಿಯೆಂದರೂ ಅದೇ, ಹೆಸರು ಬದಲಾದರೆ ಕೈಯಲ್ಲಿಯ ವಸ್ತು ಬದಲಾಗುತ್ತದೆ. ವೃದ್ಧರು ಈ ಮಾತನ್ನು ಕನ್ನಡದಲ್ಲಿ ಆಡಿದವರು, ಮೊಮ್ಮಗನನ್ನು ಕೂಗಿದುದು ಮರಾಠಿಯಲ್ಲಿ. ಪಂಡಿತರು ಅದನ್ನು ಗಮನಿಸಿದರು.

ಖಾನಾಪುರದ ಹುಲಿಯ ವಿಷಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಹಕಾರದ ಹಿಂಡಿಗೆ ಅದೇ ಒಡೆಯ. ಹೆಮ್ಮಡಗಾ, ತಳೇವಾಡಿಗಳ ಸುತ್ತಣ ಸುಮಾರು 190 ಚದರ ಕಿಲೋಮೀಟರಿನ ಕಾಡನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. (ಅಲ್ಲಿಯ ಬಾರಾಪೇಡೆ ಗುಹೆಗಳ ಅಪರೂಪದ ಬಾವಲಿ ಲೋಕಪ್ರಸಿದ್ಧ, ಅದು ಬಕಾರದ್ದಾದ್ದರಿಂದ ಇಲ್ಲಿ ಅದಕ್ಕೆ ಎಡೆಯಿಲ್ಲ.) ಮಹದಾಯಿಯ ಕಣಿವೆಯನ್ನು ಹಿಡಿದು ಗೋವೆಯ ಕಡೆಗೂ, ದಾಂಡೇಲಿಯ ಕಡೆಗೂ ಹುಲಿಗಳು ತಿರುಗಾಡುತ್ತವೆ. ರಾಜ್ಯದ ಗಡಿ ಎಲ್ಲಿದೆಯೆಂಬುದು ಅವುಗಳಿಗೆ ತಿಳಿಯದು. 2014ರ ಕೊನೆಯಲ್ಲಿ ಚಿಕ್ಕಮಗಳೂರಿನ ಕಡೆಯಲ್ಲಿ ಸೆರೆಹಿಡಿದ ಹುಲಿಯೊಂದನ್ನು ತಂದು ಈ ಕಾಡಿನಲ್ಲಿ ಬಿಟ್ಟರು. ತನ್ನದಲ್ಲದ ಕಾಡು, ಗುರುತಿಲ್ಲದ ದಾರಿ. ಡಿಸೆಂಬರಿನಲ್ಲಿ ಖಾನಾಪುರ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಅದಕ್ಕೆ ಬಲಿಯಾದಳು. ಆ ತಿಂಗಳು ಮುಗಿಯುವುದರೊಳಗೆ ಹುಲಿಯೂ ಗುಂಡಿಗೆ ಬಲಿಯಾಯಿತು. ಗಡಿಯ ಆಚೆ ಗೋವೆಯ ಮಹದಾಯಿ ಅಭಯಾರಣ್ಯದಲ್ಲಿ 2020ರ ಆರಂಭದಲ್ಲಿ ಒಂದು ಹೆಣ್ಣುಹುಲಿಯೂ ಅದರ ಮೂರು ಮರಿಗಳೂ ವಿಷದಿಂದ ಸತ್ತುವು. ದನವನ್ನು ಕೊಂದ ಸಿಟ್ಟಿಗೆ ಇಕ್ಕಿದ ವಿಷವದು. ಗೋವಿನ ಹಾಡನ್ನು ಮೂರು ತಲೆಮಾರಿನ ಮಕ್ಕಳಿಗೆ ಕಲಿಸಿದ ಪಂಡಿತರಿಗೆ, ಹಸುವೂ ಹುಲಿಯೂ ಒಂದೇ ಅಕ್ಷರದ ನೆರೆಹೊರೆಯವರೆಂಬುದು ಈ ಸುದ್ದಿಗಳನ್ನು ನೆನೆದಾಗಲೇ ಹೊಳೆದುದು. ವಸತಿಗೃಹದ ಆ ಹುಡುಗನ ತಂದೆತಾಯಿ 2014ರ ಆ ದಿನಗಳಲ್ಲಿ ಸಂಜೆಯ ಮೇಲೆ ಬಾಗಿಲು ತೆರೆಯುತ್ತಿರಲಿಲ್ಲವಂತೆ. ಹೆಜ್ಜೆಯ ಚಿತ್ರಕ್ಕೆ ತಾವು ನಕ್ಕುದು ಎಷ್ಟು ಹಗುರವಾದ ನಗೆಯಾಗಿತ್ತೆಂದು ಅವರಿಗೆ ಆಮೇಲೆ ತಿಳಿಯಿತು.

ಇಷ್ಟೆಲ್ಲವೂ ಸುತ್ತಿ ಬಂದು ನಿಂತುದು 'ಹತ್ತಿ'ಯಲ್ಲಿ. ಕೆಂಪು ಗೆರೆ ಎಳೆಸಿಕೊಂಡ ಆ ಎರಡಕ್ಷರದ ಶಬ್ದವನ್ನು ಪಂಡಿತರು ಒಂದು ಹಾಳೆಯ ಮೇಲೆ ಎರಡು ಸಲ ಬರೆದುಕೊಂಡರು. ಮೊದಲನೆಯದು ಕನ್ನಡದ ಹತ್ತಿ, ಅರಳೆ. ಹಳಗನ್ನಡದಲ್ಲಿ ಅದು ಪರ್ತಿ, ಪತ್ತಿ, ತಮಿಳಿನಲ್ಲಿ ಪರುತ್ತಿ. ಎರಡನೆಯದು ಮರಾಠಿಯ ಹತ್ತಿ. ಅದರ ಮೂಲ ಸಂಸ್ಕೃತದ ಹಸ್ತಿ. ಹಸ್ತವೆಂದರೆ ಕೈ, ಸೊಂಡಿಲನ್ನೇ ಕೈಯಾಗಿ ಉಳ್ಳದ್ದು ಹಸ್ತಿ. ಪ್ರಾಕೃತದಲ್ಲಿ ಹತ್ಥಿಯಾಗಿ ಮರಾಠಿಗೆ ಇಳಿಯಿತು. ಒಂದು ಹತ್ತಿ ತೆಂಕಣ ದಾರಿಯಿಂದ ಪಕಾರವನ್ನು ಕಳಚಿಕೊಂಡು ಬಂದುದು. ಇನ್ನೊಂದು ಬಡಗಣ ದಾರಿಯಿಂದ ಸಕಾರವನ್ನು ಕಳಚಿಕೊಂಡು ಬಂದುದು. ಎರಡೂ ಬೆಳಗಾವಿಯಲ್ಲಿ ಕೂಡಿ ಒಂದೇ ಸದ್ದಾದವು. ಪಂಪನ ಕಾಲವಾಗಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಒಂದು ಪತ್ತಿ, ಒಂದು ಹತ್ಥಿ, ನಗುವವರು ನಗುತ್ತಿರಲಿಲ್ಲ.

ಇದಕ್ಕಿಂತಲೂ ಅವರನ್ನು ಕಾಡಿದ ಸಂಗತಿ ಇನ್ನೊಂದಿತ್ತು. ಹಸ್ತಿಯು ಕನ್ನಡದ ಕಾವ್ಯಗಳಲ್ಲಿ ಸಾವಿರ ವರ್ಷಗಳಿಂದ ನಡೆದಾಡಿದೆ. ಆ ಹುಡುಗಿ ಆನೆಯ ಕೆಳಗೆ ಹಸ್ತಿ ಎಂದು ಬರೆದಿದ್ದರೆ ಪಂಡಿತರು ಬೆನ್ನು ತಟ್ಟಿ, ನಲವತ್ತು ಮಕ್ಕಳಿಗೂ ತೋರಿಸುತ್ತಿದ್ದರು. ಹಸ್ತಿಯಾದರೆ ಪಾಂಡಿತ್ಯ, ಅದರ ಮಗಳಾದ ಹತ್ತಿಯಾದರೆ ತಪ್ಪು! ಹಂಸ ಅಂಚೆಯಾದುದನ್ನು ತದ್ಭವವೆಂದು ಕಲಿಸುವವರು, ಹಸ್ತಿ ಹತ್ತಿಯಾದುದನ್ನು ಪರಭಾಷೆಯೆಂದು ಹೊಡೆದುಹಾಕಿದ್ದರು. ಅಂಥ ತೀರ್ಪನ್ನು ಯಾವ ದರ್ಪಣದಲ್ಲಿ ನೋಡಿಕೊಂಡರೂ ಮುಖ ಸೊಟ್ಟಗೆ ಕಾಣುವುದೇ ಸರಿ.

ಆದರೂ ಕನ್ನಡದ ವರ್ಗದಲ್ಲಿ ಆನೆಗೆ ಆನೆಯೆಂದೇ ಕಲಿಸಬೇಕಲ್ಲವೇ ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಕೇಳಿದುದು ನ್ಯಾಯವಾಗಿಯೇ ಇದೆ. ಆನೆಯನ್ನು ಕಲಿಸಬೇಕು, ಹತ್ತಿಗೆ ಕನ್ನಡದಲ್ಲಿರುವ ಅರ್ಥವನ್ನೂ ಕಲಿಸಬೇಕು. ಆದರೆ ಮಗು ತಂದ ಶಬ್ದವನ್ನು ಬಾಗಿಲ ಹೊರಗೆ ನಿಲ್ಲಿಸಿ ಕಲಿಸುವುದು ಬೇರೆ, ಒಳಗೆ ಕರೆದು ಕುಳ್ಳಿರಿಸಿ ಕಲಿಸುವುದು ಬೇರೆ.

ರಜೆ ಮುಗಿದು ಶಾಲೆ ತೆರೆದ ದಿನ ಪಂಡಿತರು ಹುಡುಗಿಯಿಂದ ಪಟ್ಟಿಯನ್ನು ಕೇಳಿ ಪಡೆದರು. ಕೆಂಪು ಶಾಯಿ ಅಳಿಸಿ ಹೋಗುವಂಥದಲ್ಲ. ಗೆರೆಯ ಪಕ್ಕದಲ್ಲಿ 'ಸರಿ' ಎಂದು ಬರೆದು ರುಜು ಹಾಕಿದರು. ಕೆಳಗೆ ಹಸ್ತಿ, ಹತ್ಥಿ, ಹತ್ತಿ ಎಂದು ಮೂರು ಶಬ್ದಗಳನ್ನು ಒಂದರ ಕೆಳಗೊಂದು ಬರೆದರು. ಅನಂತರ ವರ್ಗದ ಮುಂದೆ, "ಮೊನ್ನೆ ತಪ್ಪು ಮಾಡಿದವರು ನಿಮ್ಮ ಗೆಳತಿ ಅಲ್ಲ, ನಿಮ್ಮ ಸರ" ಎಂದರು. ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ, ಸುಮ್ಮನೆ ಕುಳಿತರು. ಹುಡುಗಿ ಪಟ್ಟಿಯನ್ನು ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು. ಅಂದೂ ಅವಳು ಮಾತನಾಡಲಿಲ್ಲ, ಮರುದಿನವೂ ಇಲ್ಲ.

ಪಂಡಿತರು ದಾನಿಗಳ ಪಟವನ್ನು ತೆಗೆಯಲಿಲ್ಲ; ಅದು ತಂದೆಯ ನೆನಪಿಗೆ ಮಗನು ಕೊಟ್ಟದ್ದು. ಅದರ ಕೆಳಗೆ ಒಂದು ದೊಡ್ಡ ಬಿಳಿಯ ಹಾಳೆಯನ್ನು ಅಂಟಿಸಿ, ಅಕ್ಷರಗಳನ್ನು ಮಾತ್ರ ಬರೆದು ಮನೆಗಳನ್ನು ಬರಿದು ಬಿಟ್ಟರು. ತಾವು ಕಂಡ ಪ್ರಾಣಿ, ತಮ್ಮ ಮನೆಯಲ್ಲಿ ಅದಕ್ಕೆ ಅನ್ನುವ ಹೆಸರು. ಯಾರು ಬೇಕಾದರೂ ಬರೆಯಬಹುದೆಂದರು. ಒಂದೇ ವಾರದಲ್ಲಿ ಹಕಾರದ ಮನೆ ಕಿಕ್ಕಿರಿಯಿತು. ಹಾಂವ ಎಂದು ಒಬ್ಬ, ಹಾವು ಎಂದು ಇನ್ನೊಬ್ಬ. ಹಂದಿ, ಹಲ್ಲಿ, ಹುಂಜ, ಹೆಗ್ಗಣ, ಹೋರಿ, ಹೋತ. ತಮಿಳು ಮನೆಯ ಮಗುವೊಂದು ಪಾಂಬು ಎಂದು ಪಕಾರದ ಮನೆಯಲ್ಲಿ ಬರೆದುದನ್ನು ಕಂಡು ಪಂಡಿತರಿಗೆ ಹಳೆಯ ನೆಂಟನೊಬ್ಬನು ಬಾಗಿಲಿಗೆ ಬಂದಂತೆ ಹಿಗ್ಗಾಯಿತು. ಹುಲ್ಲೆಯನ್ನು ಯಾರೂ ಬರೆಯಲಿಲ್ಲ. ಅದನ್ನು ಅವರೇ ಬರೆದು, ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಕಿರು ಮೃಗಾಲಯದಲ್ಲಿರುವ ಕೃಷ್ಣಮೃಗಗಳನ್ನು ತೋರಿಸಿ ತರುವೆನೆಂದು ಮಾತು ಕೊಟ್ಟರು. ಒಂದು ವರ್ಷ ಮಳೆಯೆಂದು, ಒಂದು ವರ್ಷ ಪರೀಕ್ಷೆಯೆಂದು ಆ ಪ್ರವಾಸ ಮುಂದೆ ಹೋಗುತ್ತಲೇ ಇದ್ದಿತು. 2025ರ ನವೆಂಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಅಲ್ಲಿಯ 31 ಕೃಷ್ಣಮೃಗಗಳು ಗಳಲೆ ರೋಗದಿಂದ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಅಂದಿನ ಮಕ್ಕಳು ಎಂಟನೆಯ ಇಯತ್ತೆಗೆ ಬಂದಿದ್ದರು.

ಹಂಸದ ವಿಷಯವನ್ನೂ ಹೇಳಿಬಿಡಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆಯಾಗಿ ಬರುತ್ತವೆ. ಸಂಸ್ಕೃತ ಕವಿಗಳ ಹಂಸವೆಂದರೆ ಇವೇ ಎಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಆ ವರ್ಷದ ಚಳಿಗಾಲದಲ್ಲಿ ಪಂಡಿತರು ಅಲ್ಲಿಗೆ ಹೋಗಿಬಂದರು. ಹಂಸವು ಕೆಸರಿನಲ್ಲಿ ನಡೆಯುವಾಗ ಕಾವ್ಯಗಳಲ್ಲಿ ಹೇಳಿದಷ್ಟೇನೂ ಚೆಲುವಾಗಿ ನಡೆಯುವುದಿಲ್ಲವೆಂದು ಬಂದು ಹೇಳಿದರು.

ಬಿಳಿಯ ಹಾಳೆಯನ್ನು ಅಂಟಿಸಿದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಶಾಲೆ ಬಿಟ್ಟ ಮೇಲೆ ಪಂಡಿತರು ಹಾಜರಿ ಪುಸ್ತಕವನ್ನು ಮುಚ್ಚುತ್ತಿದ್ದಾಗ ಆ ಹುಡುಗಿ ಹಾಳೆಯ ಮುಂದೆ ಪೆನ್ನು ಹಿಡಿದು ನಿಂತಿದ್ದಳು.

"ಸರ, ವಾಘ ಎಲ್ಲಿ ಬರೀಲಿರಿ? ವಕಾರದಾಗೋ, ಹಕಾರದಾಗೋ?"

"ನಿನ್ನ ಮನ್ಯಾಗ ಏನಂತಾರ?"

"ವಾಘ ಅಂತಾರ. ಇಲ್ಲಿ ಹುಲಿ ಅಂತಾರ."

"ಹಾಂಗಾದರ ನೀನ ನೋಡು ತಂಗಿ."

ಅವಳು ಸ್ವಲ್ಪ ಹೊತ್ತು ಯೋಚಿಸಿ, ವಕಾರದ ಮನೆಯಲ್ಲಿ 'ವಾಘ' ಎಂದು ಬರೆದಳು. ಆಮೇಲೆ ಹಕಾರದ ಮನೆಯಲ್ಲಿ ಇಕ್ಕಟ್ಟಿನಲ್ಲಿಯೇ ಎಡೆ ಮಾಡಿಕೊಂಡು 'ಹುಲಿ' ಎಂದೂ ಬರೆದಳು. ಘಕಾರದ ಹೊಟ್ಟೆಯನ್ನು ಸೀಳಲು ಮರೆತಿದ್ದಳು. ಪಂಡಿತರು ಅವಳ ಕೈಯಿಂದಲೇ ಪೆನ್ನನ್ನು ತೆಗೆದುಕೊಂಡು, ಸೀಳಿ, ಹಿಂದಿರುಗಿಸಿದರು.